ಟವೆಲಿನ ಗಂಟು

ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಬಂದರೆ ಈಗಲೂ ಭದ್ರಾವತಿ ರಸ್ತೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಶಿವಮೊಗ್ಗದಿಂದ ಸೈಕಲ್ಲಿನಲ್ಲಿ ಅತ್ತೆಯ ಮನೆಗೆ ಹೊರಟಿದ್ದೆವು. ನಡುದಾರಿಯಲ್ಲಿ ಟೈರಿಗೆ ಪ್ಯಾಚ್ ಹಾಕಿದ ಅಪ್ಪ, ಎರಡು ವರ್ಷದ ತಂಗಿಯನ್ನು ಮತ್ತೆ ಕ್ಯಾರಿಯರ್ ಮೇಲೆ ಕೂರಿಸಿ, ಟವೆಲಿನಿಂದ ತಮ್ಮ ಸೊಂಟಕ್ಕೆ ಬಿಗಿದರು. ಗಂಟು ಅವಳ ಬೆನ್ನ ಮೇಲಿತ್ತು. ಅವಳ ಹಿಂದೆ ನಾನು ಕುಳಿತಿದ್ದೆ.

"ಗಂಟಿಗೆ ನೀನೇ ಕಾವಲು ಮಾರಾಯ," ಎಂದರು.

ತಂಗಿ "ನೋವು, ನೋವು" ಎಂದು ಅತ್ತಳು. ನಾನು ಗಂಟನ್ನು ಸಡಿಲಿಸಿದೆ. ಸ್ವಲ್ಪವೋ, ಪೂರ್ತಿಯೋ? ನನ್ನ ನೆನಪನ್ನು ನಂಬಲಾರೆ. ಚಕ್ರ ಗುಂಡಿಗೆ ಇಳಿದಾಗ ಅವಳು ಜಲ್ಲಿಯ ಮೇಲೆ ಬಿದ್ದಳು. ಮೂರನೇ ದಿನ ತೀರಿಕೊಂಡಳು.

"ಗಂಟು ಹೆಂಗ್ರೀ ಬಿಚ್ಕೊಂಡ್ತು?" ಅಮ್ಮ ಕೇಳಿದಳು.

ಅಪ್ಪ ನನ್ನನ್ನೊಮ್ಮೆ ನೋಡಿದರು. "ನಾನೇ ಸರಿಯಾಗಿ ಕಟ್ಟಿರ್ಲಿಲ್ಲ ಕಣೇ."

ಮುಂದೆ ತಮ್ಮ ಹುಟ್ಟಿದಾಗ, ಅವನನ್ನು ಅಮ್ಮ ಅಪ್ಪನ ಕೈಗೆ ಕೊಡಲೇ ಇಲ್ಲ.