ಹಸಿರಾದ ಪಟ್ಟಿ

ದ್ವಿದಳವ್ರತದ ತಿಂಗಳಾದ್ದರಿಂದ ಗೋದಾವರಿ ಅಜ್ಜಿ ಬೇಳೆಕಾಳು ಮುಟ್ಟುತ್ತಿರಲಿಲ್ಲ. ಹಾಲು ಮೊಸರಿನ ಮಾತಂತೂ ಲೋಕದಲ್ಲಿ ಹಸುಗಳು ಮುಗಿದ ವರ್ಷವೇ ಮುಗಿದಿತ್ತು. ಬೆಳಗಿನ ತಿಂಡಿಯಲ್ಲಿ ಸಾಕಷ್ಟು ಪ್ರೋಟೀನು ಹೋಗದಿದ್ದರೆ ಮಣಿಕಟ್ಟಿಗೆ ಸರಕಾರ ಕಟ್ಟಿದ ಪಟ್ಟಿ ಕೆಂಪಾಗಿಯೇ ಉಳಿಯುತ್ತದೆ. ಕೆಂಪು ಪಟ್ಟಿಯ ಮುದುಕರನ್ನು ಸರಕಾರದ ಗಾಡಿ ಪೋಷಣೆಯ ಕೇಂದ್ರಕ್ಕೆ ಒಯ್ಯುತ್ತದೆ. ಗಾಡಿ ಆಗಲೇ ಓಣಿಯೊಳಗೆ ಬಂದಿತ್ತು.

“ಅಲ್ಲಿ ಹೋದವ್ರು ಭಾಳ ದಪ್ಪ ಆಗ್ತಾರಂತ,” ಅಜ್ಜಿ ನಕ್ಕಳು. “ತಿರುಗಿ ಬಂದವ್ರನ್ನ ಮಾತ್ರ ಯಾರೂ ನೋಡಿಲ್ಲ.”

“ಸುಮ್ನ ತಿನ್ನು ಅಜ್ಜಿ.” ಮೊಮ್ಮಗಳು ಅಂಭ್ರಣಿ ಬೆಲ್ಲದ ಅವಲಕ್ಕಿಯನ್ನು ಮುಂದಿಟ್ಟಳು. ಅದರಲ್ಲಿ ವಾಸನೆಯಿಲ್ಲದ ಬಟಾಣಿ ಹಿಟ್ಟು ಕಲೆಸಿದ ಬೆರಳುಗಳನ್ನು ಓಢಣಿಗೆ ಒರೆಸಿಕೊಂಡಳು.

ಅಜ್ಜಿ ಕೊನೆಯ ತುತ್ತು ನುಂಗುವಾಗ ಗಾಡಿಯವನು ಬಾಗಿಲಿಗೆ ಬಂದ. “ಕೈ ತೋರಸ್ರಿ ಅಮ್ಮಾರ.”

ಅಜ್ಜಿ ಕೈ ಚಾಚಿದಳು. ಅಂಭ್ರಣಿಗೆ ಅತ್ತ ನೋಡುವ ಧೈರ್ಯವಾಗಲಿಲ್ಲ. ಪಟ್ಟಿ ನಿಧಾನವಾಗಿ ಹಸಿರಾಯಿತು. ಅವನು ತಲೆಯಾಡಿಸಿ ಪಕ್ಕದ ಮನೆಗೆ ನಡೆದ.

ಅಜ್ಜಿ ಆ ಹಸಿರನ್ನೇ ನೋಡುತ್ತ ಕುಳಿತಳು. ಬರೀ ಅವಲಕ್ಕಿ ಬೆಲ್ಲಕ್ಕೆ ಅದು ಹಸಿರಾಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

“ನನ್ನ ವ್ರತ ಮುರದೀ, ಹೌದಲ್ಲ?” ದನಿ ಏರಲಿಲ್ಲ. ಅಂಭ್ರಣಿ ಖಾಲಿ ತಟ್ಟೆ ಎತ್ತಿಕೊಂಡಳು.

“ನಾಳಿಂದ ನನ್ನ ತಿಂಡಿ ನಾನ ಮಾಡ್ಕೋತೀನಿ,” ಎಂದು ಅಜ್ಜಿ ಬಾಯಿ ಮುಕ್ಕಳಿಸಲು ಎದ್ದಳು.