ಕಾಗದದ ಶೂ

ಕನ್ನಡಕವೂ ಮಾಯವಾಗಿತ್ತು.

ಮೊದಲು ಶೂ, ಆಮೇಲೆ ಹಕ್ಕಿಪಂಜರ, ಈಗ ಇದು. ಪ್ರದರ್ಶನದ ಗಾಜಿನ ಕಪಾಟಿನ ಮುಂದೆ ನಿಂತ ಚಿಯಾ ಕಿಮ್ ಸ್ವೀ ಬಾಗಿಲು ಜಗ್ಗಿ ನೋಡಿದ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು.

ಕಳುವಾದದ್ದೆಲ್ಲ ಕಾಗದದ ಸಾಮಾನು. ಬಿದಿರಿನ ಸೀಳು, ಬಣ್ಣದ ಕಾಗದ, ಮೈದಾ ಅಂಟು, ಅವನ ಕೈಚಳಕ. ಚೀನೀ ಪಂಚಾಂಗದ ಏಳನೆಯ ತಿಂಗಳು ಬಂತೆಂದರೆ ಮಲೇಷ್ಯಾದ ಪೆನಾಂಗಿನ ಚೀನೀ ಜನ ಸತ್ತವರಿಗಾಗಿ ಇಂಥವನ್ನು ಸುಡುತ್ತಾರೆ. ಸುಟ್ಟದ್ದು ಅವರಿಗೆ ಮುಟ್ಟುತ್ತದೆ. ಅಜ್ಜನ ಕಾಲದಿಂದ ಮನೆಯವರ ಹೊಟ್ಟೆ ತುಂಬಿಸಿದ್ದು ಈ ಕಸುಬೇ.

ಈಗ ಆ ಹೊಟ್ಟೆಗೇ ಸಂಚಕಾರ ಬಂದಿತ್ತು. ಬಾಡಿಗೆ ಅಂಗಡಿಯ ಮಾಲೀಕನಿಗೆ ಅಲ್ಲಿ ಕಾಫಿ ಹೋಟೆಲು ತೆರೆಯುವ ಹುಚ್ಚು ಹತ್ತಿತ್ತು. ಚೀನೀ ಪರಂಪರೆ ಪ್ರತಿಷ್ಠಾನದ ಅನುದಾನ ಸಿಕ್ಕರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅನುದಾನಕ್ಕೆ ಇದ್ದದ್ದು ಒಂದೇ ಷರತ್ತು. ಈ ತಿಂಗಳ ಉತ್ಸವ ಮುಗಿಯುವ ತನಕ ಸಾಮಾನೆಲ್ಲ ಪ್ರತಿಷ್ಠಾನದ ಕಪಾಟಿನಲ್ಲಿ ಪ್ರದರ್ಶನಕ್ಕೆ ಇರಬೇಕು. ಇದು ಕಲೆ, ಪೂಜೆಯಲ್ಲ, ಒಂದನ್ನೂ ಸುಡಕೂಡದು.

ಷರತ್ತು ಹಾಕಿದವರು ಅಧ್ಯಕ್ಷೆ ಯಾಪ್ ಮೇಡಂ, ನಿವೃತ್ತ ಹೆಡ್‌ಮಿಸ್ಟ್ರೆಸ್. ಮೂಢನಂಬಿಕೆ ಎಂದರೆ ಅವರಿಗೆ ಮೈಯೆಲ್ಲ ಉರಿ. ಹೋದ ವರ್ಷ ಗಂಡ ತೀರಿಕೊಂಡಾಗ ಒಂದು ಚೂರು ಕಾಗದವನ್ನೂ ಸುಡಲು ಬಿಡದೆ ಬೀದಿಯವರ ಬಾಯಿಗೆ ಬಿದ್ದಿದ್ದರು. ಆ ಸಲ ಒಳ್ಳೆಯ ವ್ಯಾಪಾರ ತಪ್ಪಿತೆಂದು ಕಿಮ್ ಸ್ವೀ ಕೂಡ ನಾಲ್ಕು ಮಾತು ಆಡಿಕೊಂಡಿದ್ದ.

ಮೇಡಂ ಬಂದು ಖಾಲಿ ಜಾಗವನ್ನು ನೋಡಿದರು. ಕಣ್ಣು ಕೆಂಪಾಗಿತ್ತು. ಕೂಗಾಡಲಿಲ್ಲ, ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು.

“ಇನ್ನೊಂದು ಮಾಡಿಡಿ. ಸಮಿತಿಯವರ ಕಿವಿಗೆ ಹಾಕೋದು ಬೇಡ.”

“ಆಯ್ತು ಮೇಡಂ.”

“ಈ ಸಲ ಮೂಗಿನ ಹತ್ತಿರ ಬಿಗಿ ಇರಲಿ. ಹಿಂದಿನದು ಜಾರೋ ಥರ ಇತ್ತು.”

“ಕಾಗದದ ಕನ್ನಡಕ, ಮೇಡಂ. ಯಾರ ಮೂಗಿಂದ ಜಾರತ್ತೆ?”

“ಎದುರು ಮಾತಾಡ್ಬೇಡಿ ಕಿಮ್ ಸ್ವೀ ಅವರೇ. ನಿಮ್ಮ ಸಾಮಾನಿನ ದೆಸೆಯಿಂದ ನನಗೆ ರಾತ್ರಿ ನಿದ್ದೆ ಇಲ್ಲ.”

ಮನೆಗೆ ಬಂದವನು ಹೆಂಡತಿ ಗುವಾತ್ ಹೂನ್ ಬಡಿಸಿದ ಗಂಜಿಯ ಮುಂದೆ ಕೂತು ಸಿಡಿಮಿಡಿಗೊಂಡ.

“ಶೂ ಕಳುವಾದಾಗ ಎಡಗಾಲಿಂದು ಅಗಲ ಮಾಡಿ ಅಂದ್ರು. ಮಾಡ್ದೆ, ಅದೂ ಹೋಯ್ತು. ಪಂಜರ ಖಾಲಿ ಇದೆ, ಹಕ್ಕಿ ಕೂರಿಸಿ ಅಂದ್ರು. ಕೂರಿಸ್ದೆ, ಅದೂ ಹಾರಿಹೋಯ್ತು. ಈಗ ಮೂಗು ಹಿಡ್ಕೊಂಡಿದ್ದಾರೆ! ಇವರಿಗಿಂತ ಸತ್ತವರೇ ವಾಸಿ ಕಣೇ. ಅಪ್ಪನ ಕಾಲದಲ್ಲಿ ಒಬ್ಬಳ ಅತ್ತೆ ಕನಸಲ್ಲಿ ಬಂದು, ನೀನು ಸುಟ್ಟ ಕಾಗದದ ಮನೆಗೆ ಮೆಟ್ಟಿಲೇ ಇಲ್ಲ ಅಂತ ಬೈದಿದ್ಳಂತೆ. ಅಪ್ಪ ಒಂದು ಏಣಿ ಮಾಡಿ ಸುಡಿಸಿದ, ಅಲ್ಲಿಗೆ ಮುಗೀತು.”

“ಸತ್ತವರ ಸಾಮಾನನ್ನ ಗಾಜಿನೊಳಗೆ ಇಟ್ಟು ತಮಾಷೆ ನೋಡ್ತೀರಲ್ರೀ,” ಅಂದಳು ಗುವಾತ್ ಹೂನ್, ಉಪ್ಪುಮೊಟ್ಟೆ ಒಡೆಯುತ್ತಾ. “ಅವರು ಸುಮ್ಮನಿರ್ತಾರಾ?”

ಕಿಮ್ ಸ್ವೀಯ ಚಮಚ ಅಲ್ಲೇ ನಿಂತಿತು. ಕಪಾಟಿಗೆ ಇದ್ದದ್ದು ಎರಡೇ ಬೀಗದ ಕೈ. ಒಂದು ಮೇಡಂ ಹತ್ತಿರ. ಇನ್ನೊಂದು ಇದೇ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ಹಿಡಿದು ಗಾಜು ಒರೆಸಲು ಹೋಗುತ್ತಿದ್ದವಳು ಇವಳೇ.

ಮಧ್ಯಾಹ್ನ ಪ್ರತಿಷ್ಠಾನದ ಹಿತ್ತಲಿಗೆ ಹೋಗಿ, ಹಿಂದೆ ಕಾಗದ ಸುಡುತ್ತಿದ್ದ ಹಳೆಯ ಕಬ್ಬಿಣದ ಒಲೆಯನ್ನು ಕೆದಕಿದ. ಬೂದಿಯೊಳಗೆ ಅರೆಬೆಂದ ಚಿನ್ನದ ಬಣ್ಣದ ಚೂರೊಂದು ಸಿಕ್ಕಿತು. ಕನ್ನಡಕದ ಕಡ್ಡಿ. ಹೆಂಡತಿಯನ್ನು ಕೇಳೋಣವೆಂದರೆ ಮನೆಯಲ್ಲಿ ಕುರುಕ್ಷೇತ್ರವಾದೀತು. ಚೂರನ್ನು ಜೇಬಿಗಿಳಿಸಿ, ತೆಪ್ಪಗೆ ಇನ್ನೊಂದು ಕನ್ನಡಕ ಮಾಡಿಟ್ಟ. ಮೂಗಿನ ಹತ್ತಿರ ಬಿಗಿಯಾಗಿಯೇ.

ಉತ್ಸವದ ಕೊನೆಯ ದಿನ. ಅಂಗಳದಲ್ಲಿ ಸಿಂಹನೃತ್ಯದ ನಗಾರಿ, ಚಹಾ, ಮಕ್ಕಳ ಗಲಾಟೆ. ಒಳಗೆ ಸಮಿತಿಯವರು ಕಪಾಟಿನ ಮುಂದೆ ಸಾಲುಗಟ್ಟಿ ನಿಂತಿದ್ದರು.

“ಶೂ ಎಲ್ಲಿ? ಪಂಜರ, ಕನ್ನಡಕ ಎಲ್ಲಿ?” ಎಂದರು ಖಜಾಂಚಿ.

ಮಾಡಿಟ್ಟ ಕನ್ನಡಕವೂ ಹೋಗಿತ್ತು! ಕಿಮ್ ಸ್ವೀ ಹೆಂಡತಿಯತ್ತ ನೋಡಿದ. ಅವಳ ಮುಖ ಬಿಳಿಚಿಕೊಂಡಿತ್ತು. ಅಂಗಡಿ ಹೋದರೆ ಹೋಗಲಿ, ಹತ್ತು ಜನರೆದುರು ಇವಳ ಮಾನ ಹೋಗಬಾರದು.

“ನಾನೇ ಸುಟ್ಟೆ,” ಅಂದ.

“ಇಲ್ಲ, ಸುಟ್ಟವಳು ನಾನು,” ಎಂದಳು ಗುವಾತ್ ಹೂನ್ ಅದೇ ಉಸಿರಿಗೆ.

ಇಬ್ಬರೂ ಮುಖಮುಖ ನೋಡಿಕೊಂಡರು.

“ಸುಳ್ಳು ಯಾಕ್ರೀ ಹೇಳ್ತೀರಾ?” ಎಂದಳು ಅವಳು ಮೆಲ್ಲಗೆ. “ನಿಮ್ಮ ಜೇಬಲ್ಲಿ ಸುಟ್ಟ ಚೂರು ನೋಡಿದೀನಿ. ನಿಮ್ಮನ್ನ ಉಳಿಸೋಣ ಅಂತ...”

“ಅಯ್ಯೋ ನಿನ್ನ! ನಾನು ನೀನೇ ಅಂದ್ಕೊಂಡು...”

“ಷರತ್ತು ಮುರಿದಿದೆ. ಅನುದಾನ ಇಲ್ಲ,” ಎಂದು ಖಜಾಂಚಿ ಕೈ ಝಾಡಿಸಿದರು.

“ಯಾಕಿಲ್ಲ?” ಎಂದರು ಯಾಪ್ ಮೇಡಂ. ಹಳೆಯ ಹೆಡ್‌ಮಿಸ್ಟ್ರೆಸ್ ದನಿ; ಹೊರಗಿನ ನಗಾರಿಯೇ ತಗ್ಗಿದಂತಾಯಿತು. “ಸುಡೋಕೆ ಅಂತ ಮಾಡಿದ್ದನ್ನ ಉಪ್ಪಿನಕಾಯಿ ಹಾಕ್ತಾರೇನ್ರೀ? ಷರತ್ತು ಬರೆದವಳು ನಾನು, ತಪ್ಪು ಬರೆದಿದ್ದೆ. ಅನುದಾನ ಮಂಜೂರು. ಯಾರಾದ್ರೂ ಬೇಡ ಅಂತೀರಾ?”

ಖಜಾಂಚಿಯೇ ಮೊದಲು ತಲೆಯಾಡಿಸಿದರು. ಗುವಾತ್ ಹೂನ್ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಕಿಮ್ ಸ್ವೀ ಕೈ ಮುಗಿಯಲು ಹೋದವನು ಮೇಡಂ ಮುಖ ಕಂಡು ಅಲ್ಲಿಗೇ ನಿಂತ.

ಸಮಿತಿಯವರು ಚಹಾಕ್ಕೆ ಹೊರನಡೆದರು. ಎಲ್ಲರಿಗಿಂತ ಹಿಂದೆ ಉಳಿದ ಮೇಡಂ, ಅತ್ತ ಇತ್ತ ನೋಡಿ, ಅವನ ಹತ್ತಿರ ಬಂದು ದನಿ ತಗ್ಗಿಸಿದರು.

“ರಾತ್ರಿ ಕನಸಲ್ಲಿ ನಮ್ಮ ಯಜಮಾನರು ಬಂದಿದ್ರು. ಎಡಗಾಲಿನ ಶೂ ಸರಿಹೋಯ್ತಂತೆ, ಹಕ್ಕಿಯೂ ಹಾಡತ್ತಂತೆ; ಕನ್ನಡಕ ಮಾತ್ರ ಇನ್ನೂ ಜಾರತ್ತಂತೆ.”