ಹಸಿರು ಬಳೆ

ಇಸ್ತ್ರಿಪೆಟ್ಟಿಗೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ದರ್ಜಿಯಮ್ಮ ಹೇಳಿಕಳಿಸಿದ್ದರು. ವೈರಿಂಗ್ ಕೆಲಸದವಳು ಬಂದು ಮೇನ್ ಆಫ್ ಮಾಡಿ, ಗೋಡೆಯ ಪ್ಲಗ್ಗಿನ ಮುಂದೆ ಮಂಡಿಯೂರಿದಳು. ಫ್ಯಾನು ನಿಂತಿತು. ಅರ್ಧ ಹೊಲಿದ ಅಂಗಿಗಳ ಮೇಲೆ ಮಧ್ಯಾಹ್ನದ ಬಿಸಿಲು ಮಲಗಿತ್ತು.

"ಈ ಮನೆ ವೈರಿಂಗು ನಿಮ್ಮಪ್ಪಾನೇ ಮಾಡಿದ್ದು ಕಣಮ್ಮ," ದರ್ಜಿಯಮ್ಮ ಗುಂಡಿ ಹಚ್ಚುತ್ತಲೇ ಹೇಳಿದರು. "ಹಸಿರು ವೈರ್ ಎಳೆದಿದೀನಿ, ಮಗು ಮುಟ್ಟಿದ್ರೂ ಏನೂ ಆಗಲ್ಲ ಅಂದಿದ್ರು. ಇಷ್ಟು ವರ್ಷ ಈ ಪ್ಲಗ್ಗಿಗೆ ಬರೀ ರೇಡಿಯೋ ಹಾಕ್ತಿದ್ದೆ. ಪೆಟ್ಟಿಗೆ ತಂದು ತಿಂಗಳಾಯ್ತು, ಅದರಲ್ಲೇ ಏನೋ ದೋಷ ಇರಬೇಕು."

"ನೋಡ್ತೀನಿ ತಾಳಿ."

ಅಪ್ಪನ ಕೆಲಸವನ್ನು ಕಣ್ಣುಮುಚ್ಚಿ ನಂಬಬಹುದು ಎಂದು ಬೀದಿಗೆ ಬೀದಿಯೇ ಹೇಳುತ್ತಿತ್ತು. ಅಪ್ಪ ಹೋದ ಮೇಲೂ ಆ ಮಾತಿನಿಂದಲೇ ಅವಳಿಗೆ ಕೆಲಸ ಸಿಗುತ್ತಿತ್ತು.

ಸ್ಕ್ರೂ ಬಿಚ್ಚಿದಳು. ಕಬ್ಬಿಣದ ಡಬ್ಬಿಯೊಳಗೆ ಹಸಿರು ತಂತಿಯಿತ್ತು, ಕೊನೆಯಲ್ಲಿ ಮೂರು ಸುತ್ತಿನ ಸುರುಳಿ. ಅಪ್ಪನದೇ ಸುರುಳಿ. ಮೆಲ್ಲನೆ ಎಳೆದಳು, ಬಂದೇಬಿಟ್ಟಿತು. ಬರೀ ಗೇಣುದ್ದ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ತಂತಿ ಎಲ್ಲಿಗೂ ಹೋಗಿರಲಿಲ್ಲ.

ಸುರುಳಿ ಅಂಗೈಯಲ್ಲಿತ್ತು. ಆಗ ಅವಳಿಗೆ ಏಳು ವರ್ಷ. ಸಂಜೆ ಬಾಗಿಲಲ್ಲಿ ಅಪ್ಪ. ಜೇಬಿನಿಂದ ಒಂದೊಂದಾಗಿ ಹೊರಬರುವ ಹಸಿರು ತಂತಿಯ ಬಳೆಗಳು. ಕೈಗೆ ಆರಾರು. ಓಡಿದರೆ ಸದ್ದೇ ಬಾರದ ಬಳೆಗಳು. ಪಕ್ಕದ ಮನೆ ಹುಡುಗಿಯರು ಸಾಲಾಗಿ ಬಂದು ಮುಟ್ಟಿ ನೋಡುತ್ತಿದ್ದರು.

"ಎಲ್ಲಿ ಸಿಕ್ತಪ್ಪಾ?"

"ಕೆಲಸದಲ್ಲಿ ಉಳಿದದ್ದು ಕಣೆ."

ಪ್ರತಿ ಮನೆಯಲ್ಲೂ ಉಳಿಯುತ್ತಿತ್ತು. ಈಗ ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳುವೂ ಬಂತು.

ಪೈಪಿನೊಳಗೆ ಹೊಸ ತಂತಿ ತೂರಿಸಿದಳು. ಪ್ಲಗ್ಗಿಗೂ ಡಬ್ಬಿಗೂ ಬಿಗಿದು, ಮೇನ್ ಬೋರ್ಡಿನ ಅರ್ಥಿಂಗಿಗೆ ಕೂಡಿಸಿ, ಮೀಟರಿಟ್ಟು ಎರಡು ಸಲ ನೋಡಿದಳು. ಪೆಟ್ಟಿಗೆಯ ಒಳಗನ್ನೂ ಸರಿಪಡಿಸಿ ಮೇನ್ ಹಾಕಿದಳು. ದರ್ಜಿಯಮ್ಮ ಪೆಟ್ಟಿಗೆಗೆ ಮೊದಲು ಒಂದು ಬೆರಳು ತಾಗಿಸಿದರು, ಆಮೇಲೆ ಪೂರ್ತಿ ಕೈ.

"ಮುಟ್ಟಿದರೆ ಮುನಿ ಥರ ಆಗಿತ್ತು ನನ್ನ ಕೈ, ಈಗ ಸುಮ್ಮನಿದೆ ನೋಡು. ಏನಾಗಿತ್ತಮ್ಮ? ವೈರನ್ನ ಇಲಿ ಕಡಿದಿತ್ತಾ?"

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಬರಿದಾದ ಮಣಿಕಟ್ಟನ್ನು ಒರೆಸಿಕೊಂಡಳು.

"ಇಲಿ ಅಲ್ಲಮ್ಮ. ಇಲ್ಲಿಗೆ ಹಾಕಬೇಕಿದ್ದ ವೈರನ್ನ ಚಿಕ್ಕವಳಿದ್ದಾಗ ನಾನು ಕೈಗೆ ಹಾಕ್ಕೊಂಡಿದ್ದೆ."